ಎಲ್ಲ ವಿಭಾಗಕ್ಕೂ ನಾನೇ

ಒಬ್ಬನೇ ಇರುವವನಿಗೆ ನಗು ಬರಿಸುವ ಸಂಗತಿಗಳು ಯಾಕೋ ಹೆಚ್ಚು. ಹೇಳೋಣವೆಂದರೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೂರು ವಿಭಾಗಕ್ಕೂ ಶೀತ

ಈ ಪರದೇಶದಲ್ಲಿ, ಕಾಕಿ ಬುಕಿತ್ ಎಂಬ ಕೈಗಾರಿಕಾ ಬಡಾವಣೆಯಲ್ಲಿ ನನ್ನದೊಂದು ಪುಟ್ಟ ಕಂಪನಿ. ವೀಲ್‌ಚೇರ್, ವಾಕರ್ ತರಿಸಿ ಮಾರುತ್ತೇನೆ. ಹೊರದೇಶದ ಕೆಲಸಗಾರರ ಕೋಟಾ ಬಿಗಿಯಾದ ವರ್ಷ ನನ್ನಲ್ಲಿದ್ದ ಇಬ್ಬರ ವರ್ಕ್ ಪರ್ಮಿಟ್ ರಿನ್ಯೂ ಆಗಲಿಲ್ಲ. ಕಡಿಮೆ ಜನರಿಂದ ಹೆಚ್ಚು ಕೆಲಸ ತೆಗೆಯಬೇಕು ಎನ್ನುವುದು ಸರ್ಕಾರದ ಆಗಿನ ನೀತಿ. ಅದನ್ನು ನನ್ನಷ್ಟು ನಿಷ್ಠೆಯಿಂದ ಯಾರೂ ಪಾಲಿಸಿರಲಾರರು. ಆಫೀಸಿನಲ್ಲಿ ಉಳಿದವನು ನಾನೊಬ್ಬನೇ.

ಫೋನ್ ಬಂದರೆ ರಿಸೆಪ್ಷನ್‌ಗೆ ತೆಳು ದನಿ, ಅಕೌಂಟ್ಸ್‌ಗೆ ಗಡಸು ದನಿ, ಮ್ಯಾನೇಜರ್‌ಗೆ ನನ್ನ ಸ್ವಂತ ದನಿ. ಒಂದು ದಿನ ನನಗೆ ವಿಪರೀತ ಶೀತ. ವಾಕರ್ ಕೊಂಡಿದ್ದ ಕನ್ನಡದ ಆಂಟಿಯೊಬ್ಬರು ಮೂರೂ ಕಡೆ ಕನೆಕ್ಟ್ ಮಾಡಿಸಿಕೊಂಡು ಮಾತಾಡಿ, ಕೊನೆಗೆ ಹೇಳಿದರು:

"ಮ್ಯಾನೇಜರ್ ಅವ್ರೇ, ನಿಮ್ಮ ಆಫೀಸಲ್ಲಿ ಎಲ್ರಿಗೂ ಶೀತ ಆಗಿದೆ. ಒಂದ್ ಕಿಟಕಿನಾದ್ರೂ ತೆಗೀರಿ."

ಇನ್ಶೂರೆನ್ಸ್ ವಿವರಣೆ

ಶೀತ ಹೋಯಿತು, ಹೊಟ್ಟೆನೋವು ಹಿಡಿಯಿತು. ಗಂಟಲಿನಿಂದ ಕ್ಯಾಮೆರಾ ಇಳಿಸಿ ನೋಡಬೇಕೆಂದರು ಡಾಕ್ಟರ್. ಹೆದರಿಕೆಯಾಯಿತು. ಆಸ್ಪತ್ರೆಯ ಖರ್ಚಿನ ಕೌಂಟರಿನಲ್ಲಿದ್ದಾಕೆ ಡಿಡಕ್ಟಿಬಲ್, ಕೋ-ಪೇಮೆಂಟ್, ಕ್ಲೇಮ್ ಲಿಮಿಟ್ ಎಂದು ನಗುನಗುತ್ತಾ ಕಾಲು ಗಂಟೆ ವಿವರಿಸಿದಳು. ನಾನೂ ತಲೆಯಾಡಿಸುತ್ತಾ ಕೂತಿದ್ದೆ.

"ಒಟ್ನಲ್ಲಿ, ನಾನೇ ಕೊಡ್ಬೇಕು ಅಂತ ತಾನೇ?"

"ಯೆಸ್. ಆದ್ರೆ ಅದನ್ನ ನಾವು ಹಾಗೆ ಹೇಳೋ ಹಾಗಿಲ್ಲ," ಎಂದಳು.

ತುರ್ತಿಗೆ ಯಾರು

ಮತ್ತಿನ ಮದ್ದು ಕೊಡುವುದರಿಂದ ಮನೆಗೆ ಕರೆದೊಯ್ಯಲು ಒಬ್ಬರು ಇರಲೇಬೇಕಂತೆ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿಲ್ಲ. ಫಾರ್ಮ್ ಮುಂದಿಟ್ಟುಕೊಂಡು ಬಹಳ ಹೊತ್ತು ಯೋಚಿಸಿ, ಕೊನೆಗೆ ಕಂಪನಿಯ ನಂಬರ್ ಬರೆದೆ. ನಂಬರ್ ಸರಿಯೇ ಎಂದು ನೋಡಲು ನರ್ಸ್ ಅಲ್ಲಿಂದಲೇ ಫೋನ್ ಮಾಡಿದಳು. ನನ್ನ ಜೇಬು ರಿಂಗಾಯಿತು.

ಅವಳು ನನ್ನನ್ನೇ ನೋಡುತ್ತಾ ಕೇಳಿದಳು: "ಮತ್ತಿನಲ್ಲಿರೋ ನಿಮ್ಮನ್ನ ನೀವೇ ಎತ್ಕೊಂಡು ಹೋಗ್ತೀರಾ, ಸರ್?"

ಕ್ಯಾನ್

ನಮ್ಮ ಮಾಲು ಸಾಗಿಸುವ ಲಾರಿ ಓಡಿಸುವ ಚೀನೀ ಅಂಕಲ್‌ನನ್ನು ಸಂಕೋಚದಿಂದಲೇ ಕೇಳಿದೆ. ಹತ್ತು ವರ್ಷದ ಪರಿಚಯ, ಆದರೆ ಇಬ್ಬರ ನಡುವೆ ಇದ್ದ ಇಂಗ್ಲಿಷ್ ಹತ್ತು ಮಾತಿನಷ್ಟು. "ಕ್ಯಾನ್," ಎಂದ. ಆಗುತ್ತದೆ ಎಂದರ್ಥ.

ಕ್ಯಾಮೆರಾ ಇಳಿಸಿ ನೋಡಿದರು; ಹೊಟ್ಟೆಯಲ್ಲಿ ಸಣ್ಣ ಹುಣ್ಣು ಬಿಟ್ಟರೆ ಬೇರೇನೂ ಇರಲಿಲ್ಲವಂತೆ. ಲಾರಿ ಹತ್ತಿದ್ದು ನೆನಪಿದೆ, ಪುಂಗೋಲ್‌ನಲ್ಲಿರುವ ನನ್ನ ಮನೆ ಸೇರಿದ್ದು ನೆನಪಿಲ್ಲ. ಮರುದಿನ ಬೆಳಿಗ್ಗೆಯೇ ಅವನು ಬಾಗಿಲಲ್ಲಿ ನಿಂತಿದ್ದ. ಇದ್ದಬದ್ದ ಇಂಗ್ಲಿಷನ್ನೆಲ್ಲ ಕೂಡಿಸಿ, ಕೈಸನ್ನೆ ಸೇರಿಸಿ ಹೇಳಿದ:

"ನಿನ್ನೆ ನೀನು ತುಂಬಾ ಮಾತಾಡಿದೆ ಲಾ."

"ಇಂಗ್ಲಿಷ್‌ನಲ್ಲಾ?"

"ಇಲ್ಲ, ನಿನ್ನ ಭಾಷೆ. ದಾರಿ ಪೂರ್ತಿ."

ಹೆಂಡತಿ ಹೋದ ಮೇಲೆ ಯಾರ ಹತ್ತಿರವೂ ಆಡದೆ ಉಳಿದಿದ್ದ ಮಾತೆಲ್ಲ ಆ ಲಾರಿಯಲ್ಲೇ ಖಾಲಿಯಾಗಿರಬೇಕು.

"ನೀನೇನಂದೆ?"

"ಕ್ಯಾನ್, ಕ್ಯಾನ್ ಅಂತಿದ್ದೆ. ಕೊನೆಗೆ ನೀನು ಏನೋ ಕೇಳಿದೆ. ಅದಕ್ಕೂ ಕ್ಯಾನ್ ಅಂದೆ. ನೀನು ನನ್ನ ಕೈ ಹಿಡ್ಕೊಂಡು ಅತ್ತೆ."

"ನಾನು ಕೇಳಿದ್ದು ಅರ್ಥ ಆಯ್ತಾ?" ಎಂದೆ.

"ಇಲ್ಲ. ಅದಕ್ಕೇ ಬಂದೆ. ಕ್ಯಾನ್ ಅಂತ ಒಪ್ಪಿಬಿಟ್ಟಿದ್ದೀನಿ. ಏನದು ಹೇಳು, ಮಾಡಿ ಹೋಗ್ತೀನಿ. ಹನ್ನೊಂದಕ್ಕೆ ಡೆಲಿವರಿ ಇದೆ."