ಮಳವಳ್ಳಿಯಲ್ಲಿ ಕಂಪನಿ ಸೋತ ಬಗೆ

ಗಂಡಸಿನ ಹೆಸರಿಗೆ ಬೆಲೆಯಿರುವುದು ಹೆಂಡತಿಯ ತವರೂರಿನ ಗಡಿಯ ತನಕ ಮಾತ್ರ. ಇದು ಸ್ವಂತ ಅನುಭವದ ಮಾತು. ಮಂಡ್ಯದಲ್ಲಿ ನಾನು ಕಚೇರಿಯ ಗುಮಾಸ್ತ. ಅರ್ಜಿ ಹಿಡಿದು ಬಂದವರು ನನ್ನ ಹೆಸರಿಗೆ 'ಶ್ರೀಯುತ' ಸೇರಿಸಿಯೇ ಬಾಯಿ ಬಿಡುವುದು. ಅದೇ ಮಳವಳ್ಳಿಯಲ್ಲಿ ಬಸ್ಸಿಳಿದರೆ ಸಾಕು, "ಸಾಕಮ್ಮನ ಗಂಡ ಬಂದವ್ರೆ ಕಣಮ್ಮಾ" ಎಂಬ ಸುದ್ದಿ ನನಗಿಂತ ಮುಂಚೆ ಮಾವನ ಮನೆ ಸೇರಿರುತ್ತದೆ. ಒಂದು ಸಲ ರೇಗಿಹೋಗಿ, ಮಾವನ ಪಕ್ಕದ ಮನೆಯ, ಪಾತ್ರೆಗೆ ಕಲಾಯಿ ಹಾಕುವ ಇಬ್ರಾಹಿಂ ಸಾಬರನ್ನು ನಿಲ್ಲಿಸಿಕೊಂಡು ನನ್ನ ಪೂರ್ತಿ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದೆ. ಅವರು ಶ್ರದ್ಧೆಯಿಂದ ಕೇಳಿಸಿಕೊಂಡು, "ಬಾಳ ಒಳ್ಳೇ ಹೆಸ್ರು ಬುಡಿ. ನಮ್ಮ ಸಾಕಮ್ಮನ ಗಂಡ ಅಲ್ವ್ರಾ ನೀವು?" ಎಂದರು.

ಈ ಅವಮಾನಕ್ಕೆ ಪರಿಹಾರ ಸಿಕ್ಕಿದ್ದು ಸ್ವಾತಂತ್ರ್ಯ ಬಂದ ವರ್ಷ. ಮಳವಳ್ಳಿಯಲ್ಲಿ ಮೇಷ್ಟರಾಗಿದ್ದ ನನ್ನ ಭಾವಮೈದ ಶಿವಣ್ಣ ಒಂದು ದಿನ ಮಂಡ್ಯಕ್ಕೆ ಬಂದ. ಹಿಂದೆ ಅವರೂರಿನಲ್ಲಿ ಸುಲ್ತಾನರ ದಂಡಿಗೂ ಕಂಪನಿಯ ದಂಡಿಗೂ ಆದ ಯುದ್ಧವನ್ನು ಊರಾಚೆಯ ಹೊಲದಲ್ಲಿ ಆಡಿ ತೋರಿಸುತ್ತಾನಂತೆ. ತೊಂದರೆ ಏನೆಂದರೆ, ಊರಿಗೆ ಊರೇ ಸುಲ್ತಾನರ ಕಡೆ! ಬಿಳಿಯರು ಮೂಟೆ ಕಟ್ಟಿಕೊಂಡು ಹೋದ ವರ್ಷ ಕಂಪನಿ ಕಡೆ ನಿಲ್ಲಲು ಯಾರಿಗೆ ಹುಚ್ಚು? ಸಿಪಾಯಿಗಳಾಗಿ ಮದ್ದೂರಿನ ಹೈಸ್ಕೂಲು ಹುಡುಗರು ಸಿಕ್ಕಿದ್ದರು, ದಳಪತಿ ಸಿಕ್ಕಿರಲಿಲ್ಲ. "ಭಾವ, ನಿಮ್ಮ ಹತ್ತಿರ ದೊರೆ ಟೋಪಿ ಇದೆ. ನೀವೇ ಆಗಬೇಕು. ತುತ್ತೂರಿ ಬಾಯಿಗಿಟ್ಟುಕೊಂಡು ನಿಮ್ಮ ಹೆಸರನ್ನು ಇಡೀ ಊರಿಗೆ ಕೇಳೋ ಹಾಗೆ ಕೂಗ್ತೀನಿ" ಎಂದ. ನನ್ನ ಹೆಸರು! ಇಡೀ ಮಳವಳ್ಳಿಗೆ! ಕಂಪನಿಯೇನು, ಅವನು ಕುದುರೆ ಆಗೆಂದಿದ್ದರೂ ಆಗುತ್ತಿದ್ದೆ.

ಆಮೇಲೆ ಕಥೆ ಬಿಚ್ಚಿಕೊಂಡಿತು. ಚರಿತ್ರೆಯ ಪ್ರಕಾರ ಗೆಲ್ಲುವುದು ಕಂಪನಿ. ಕೊನೆಯಲ್ಲಿ ದಳಪತಿ ಸುಲ್ತಾನರ ನಗಾರಿ ಕಾಯುವ ವೀರನನ್ನು ಕೆಡವಿ ನಗಾರಿ ಕಿತ್ತುಕೊಳ್ಳಬೇಕು. ಆ ವೀರ ಬೇರೆ ಯಾರೂ ಅಲ್ಲ, ನನ್ನ ಮಾವ ಪುಟ್ಟೇಗೌಡರು. ಒಳಗಿಂದ ಸಾಕಮ್ಮ ಮುದ್ದೆಕೋಲು ಹಿಡಿದುಕೊಂಡೇ ಬಂದಳು. "ನಮ್ಮೂರೋರ ಎದ್ರುಗೆ ನಮ್ಮಪ್ಪನ್ನ ಕೆಡವಿ, ಅದೆಂಗೆ ನನ್ನ ವಾಪಸ್ ಕರ್ಕೊಂಡು ಬತ್ತೀರೋ ನಾನೂ ನೋಡ್ತೀನಿ. ಅಲ್ಲೇ ಇದ್ದುಬುಡ್ತೀನಿ. ಇಲ್ಲಿ ನೀವೇ ಮುದ್ದೆ ತಿರುವ್ಕೊಳಿ!" ಶಿವಣ್ಣ ಮಾತ್ರ, "ಅಕ್ಕ, ಚರಿತ್ರೇನ ಬದಲಾಯಿಸೋಕಾಗಲ್ಲ" ಎಂದು ಕೈ ಚೆಲ್ಲಿದ. ನನಗೆ ಮುದ್ದೆ ತಿರುವಲು ಬರುವುದಿಲ್ಲ. ಹಾಗೆಂದು ತುತ್ತೂರಿಯ ಆಸೆಯೂ ಬಿಡಲಿಲ್ಲ.

ಆ ದಿನ ನಾನು, ಸಾಕಮ್ಮ, ರೇಷ್ಮೆ ಲಂಗ ತೊಟ್ಟ ನಮ್ಮ ಇಬ್ಬರು ಹೆಣ್ಣುಮಕ್ಕಳು ಬೆಳಿಗ್ಗೆಯೇ ಹೊರಟೆವು. ಅದು ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು. ಮದ್ದೂರು ದಾಟಿದ ಮೇಲೆ ಸಣ್ಣ ದಿಣ್ಣೆ ಕಂಡರೂ ನಿಂತು ಏದುಸಿರು ಬಿಡುತ್ತಿತ್ತು. ನಾವೆಲ್ಲ ಇಳಿದು ತಳ್ಳಿದೆವು. ಕೋಟು, ಬೂಟು, ಟೋಪಿ ಹಾಕಿಕೊಂಡಿದ್ದ ನನ್ನನ್ನು ಕಂಡಕ್ಟರು ದೊಡ್ಡ ಸಾಹೇಬನೆಂದುಕೊಂಡು, "ತಾವು ಮುಂದ್ಗಡೆಯಿಂದ ತಳ್ಳಿ ಸ್ವಾಮಿ" ಎಂದು ಮರ್ಯಾದೆ ಕೊಟ್ಟ. ಮುಂದಿನಿಂದ ತಳ್ಳಿದರೆ ಬಸ್ಸು ಮಂಡ್ಯಕ್ಕೆ ವಾಪಸಾಗುತ್ತದೆಂದು ಇಬ್ಬರಿಗೂ ಆಮೇಲೆ ಹೊಳೆಯಿತು. ಹೀಗೆ ತಡವಾಗಿ, ಮಾವನ ಮನೆಯ ಕಡೆ ಮುಖ ಹಾಕಲೂ ಹೊತ್ತಿಲ್ಲದೆ ನೆಟ್ಟಗೆ ರಣರಂಗಕ್ಕೇ ಇಳಿದೆವು.

ರಾಗಿ ಕೊಯ್ದ ಹೊಲದ ಸುತ್ತ ಜನವೋ ಜನ. ಹುಲ್ಲಿನ ಮೆದೆಯೇ ಕೋಟೆ, ಗಾಡಿಯ ನೊಗಕ್ಕೆ ಕಟ್ಟಿದ ತಗಡಿನ ಕೊಳವೆಯೇ ಫಿರಂಗಿ. ಇಬ್ರಾಹಿಂ ಸಾಬರು ಜಟಕಾ ಕುದುರೆ ಏರಿ ಸುಲ್ತಾನರ ಸರದಾರರಾಗಿದ್ದರು. ನನ್ನ ಮದ್ದೂರಿನ ಸಿಪಾಯಿಗಳಿಗೆ ಯುದ್ಧದ ತಲೆಬುಡ ಗೊತ್ತಿರಲಿಲ್ಲ. ಶಿವಣ್ಣ ಅವರಿಗೆ ಒಂದೇ ಮಾತು ಹೇಳಿದ್ದ: "ದಳಪತಿ ಏನು ಮಾಡ್ತಾರೋ ನೀವೂ ಅದನ್ನೇ ಮಾಡಿ." ಕೊನೆಗೂ ಅವನು ತುತ್ತೂರಿ ಎತ್ತಿ, "ಕಂಪನಿಯ ದಳಪತಿಯಾಗಿ ಮಂಡ್ಯದ ಶ್ರೀಯುತ..." ಎಂದ. ಅಷ್ಟರಲ್ಲಿ ಯಾವನೋ ಪುಣ್ಯಾತ್ಮ ಫಿರಂಗಿಗೆ ಬೆಂಕಿಯಿಟ್ಟ. ಢಂ! ನನ್ನ ಹೆಸರು ಹೊಗೆಯಾಗಿ ಹೋಯಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆ ಸಿಟ್ಟಿನಲ್ಲೇ ಕತ್ತಿ ಝಳಪಿಸುತ್ತ ನುಗ್ಗಿದೆ. ಮರದ ಕತ್ತಿಗಳು ಟಕಟಕ ಎಂದವು, ಸುಲ್ತಾನರ ದಂಡು ಒಪ್ಪಂದದಂತೆ ಹಿಂದೆ ಸರಿಯಿತು. ನಗಾರಿಯ ಮುಂದೆ ರುಮಾಲು ಸುತ್ತಿ, ಮೀಸೆ ತಿರುವಿ ನಿಂತಿದ್ದರು ಮಾವ. ಜನ ಉಸಿರು ಬಿಗಿಹಿಡಿದರು. ನಾನು ಕತ್ತಿ ಎತ್ತಿದೆ. ಮಾವನೂ ಎತ್ತಿದರು, ನನ್ನ ಮುಖ ನೋಡಿದರು, ಅವರ ಮುಖ ಅರಳಿತು.

"ಯಾವಾಗ ಬಂದ್ರಿ ಅಳಿಮಯ್ಯಾ? ಮನೆ ತಾವ್ಕೆ ಓಗಿದ್ರಾ? ಏನಾರ ಉಂಡ್ರಾ?"

ಅಷ್ಟೇ. ಮದುವೆಯಾದಂದಿನಿಂದ ಆ ಪ್ರಶ್ನೆಗೆ ನನ್ನ ಮೈ ಕೊಡುತ್ತ ಬಂದ ಉತ್ತರ ಒಂದೇ. ಕತ್ತಿ ಕೆಳಗಿಟ್ಟೆ, ಟೋಪಿ ತೆಗೆದೆ, ಬಗ್ಗಿ ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಹಿಂದೆ ದಡಬಡ ಸದ್ದಾಯಿತು. ತಿರುಗಿದರೆ, ಮದ್ದೂರಿನ ಸಿಪಾಯಿಗಳೆಲ್ಲ ಕತ್ತಿ ಕೆಳಗಿಟ್ಟು ಎದುರಿಗೆ ಸಿಕ್ಕಿದವರ ಕಾಲಿಗೆ ಬಿದ್ದಿದ್ದಾರೆ! ಸುಲ್ತಾನರ ಯೋಧರು ಗಲಿಬಿಲಿಗೊಂಡರೂ ದೊಡ್ಡವರ ಲಕ್ಷಣ ಬಿಡದೆ, "ಎದ್ದೇಳ್ರಪ್ಪಾ, ಚೆನ್ನಾಗ್ ಓದಿ" ಎಂದು ತಲೆ ಸವರುತ್ತಿದ್ದಾರೆ.

ಇಬ್ರಾಹಿಂ ಸಾಬರಿಗೇ ಮೊದಲು ಅರ್ಥವಾದದ್ದು. ಕುದುರೆಯ ಮೇಲೆ ಎದ್ದು ನಿಂತು, "ಗೆದ್ವಿ ಕಣ್ರಲಾ! ಕಂಪನಿ ಕಾಲಿಗ್ ಬಿತ್ತು!" ಎಂದು ಕೂಗಿದರು. ಆಮೇಲೆ ಎದ್ದ ಗದ್ದಲವನ್ನು ಏನೆಂದು ಹೇಳಲಿ! ನಗಾರಿ ಬಡಿದರು, ರುಮಾಲು ತೂರಿದರು, ನನ್ನನ್ನೂ ಮಾವನನ್ನೂ ಹೆಗಲ ಮೇಲೆ ಹೊತ್ತು ಪೇಟೆಬೀದಿಯಲ್ಲಿ ಮೆರೆಸಿದರು. ಸೋತ ದಳಪತಿಗೆ ಇಂಥ ಮೆರವಣಿಗೆ ಯಾವ ದೇಶದಲ್ಲೂ ಆಗಿರಲಾರದು. ಸಾಕಮ್ಮ ಜಗುಲಿಯ ಮೇಲೆ ನಿಂತು ಆರತಿ ಎತ್ತುತ್ತ, ಎಲ್ಲರಿಗೂ ಕೇಳುವಂತೆ, "ನಮ್ಮನೆಯೋರು ಮಂಡ್ಯದಲ್ಲೇ ಯೋಚ್ನೆ ಮಾಡ್ಕೊಂಡು ಬಂದಿದ್ರು" ಎಂದಳು. ಶಿವಣ್ಣ ಒಬ್ಬನೇ ತಲೆ ಮೇಲೆ ಕೈಹೊತ್ತು ಕೂತಿದ್ದ. ಸಂಜೆ ಸಾಕಮ್ಮ ನನಗಿಂತ ಮೊದಲೇ ಮಂಡ್ಯದ ಬಸ್ಸು ಹತ್ತಿದಳು.

ಸ್ವಲ್ಪ ದಿನದ ಮೇಲೆ ಶಿವಣ್ಣ ಬಂದ. ಶಾಲೆಗೆ ಇನ್‌ಸ್ಪೆಕ್ಟರು ಬಂದು, ಮಳವಳ್ಳಿ ಯುದ್ಧದಲ್ಲಿ ಗೆದ್ದವರು ಯಾರೆಂದು ಕೇಳಿದರಂತೆ. ಇಡೀ ತರಗತಿ ಒಟ್ಟಿಗೆ, "ನಾವು ಸಾ!" ಎಂದಿತಂತೆ. ಇನ್‌ಸ್ಪೆಕ್ಟರು ಹುಬ್ಬು ಗಂಟಿಕ್ಕಿ, "ಹಾಗಾದರೆ ಸೋತ ದಳಪತಿಯ ಹೆಸರು?" ಎಂದರಂತೆ. ನಾನು ಕುರ್ಚಿಯ ತುದಿಗೆ ಬಂದೆ. "ಏನು ಹೇಳಿದರು? ಹೇಳು, ಹೇಳು!"

"ಅದಕ್ಕೂ ಒಟ್ಟಿಗೇ ಹೇಳಿದರು ಭಾವ. ಸಾಕಮ್ಮಕ್ಕನ ಗಂಡ ಸಾ, ಅಂತ."

ಈ ಪ್ರಬಂಧದ ಕೆಳಗೆ ನನ್ನ ಹೆಸರು ಹಾಕಬೇಕೆಂದಿದ್ದೆ. ಈಗ ಬೇಡವೆನಿಸುತ್ತಿದೆ. ಮಳವಳ್ಳಿಯವರು ಓದಿದರೆ, ಇದು ಯಾರಪ್ಪಾ ಬರೆದದ್ದು ಎಂದು ತಲೆ ಕೆಡಿಸಿಕೊಂಡಾರು.