ಚಿಕ್ಕಮಾವನವರ ಮುಂದೆ ಕೆಮ್ಮಬಾರದು

ನಮ್ಮ ಚಿಕ್ಕಮಾವನವರ ಮುಂದೆ ಕೆಮ್ಮುವ ಧೈರ್ಯ ಯಾರಿಗೂ ಇರಲಿಲ್ಲ. ಕೆಮ್ಮಿದರೆ ಅವರೇನೂ ಬೈಯುತ್ತಿರಲಿಲ್ಲ, ಕಾರಣ ಕೇಳುತ್ತಿದ್ದರು! ನಿನ್ನೆ ಮೊಸರು ತಿಂದಿದ್ದಕ್ಕೆ ಎಂದಿರೋ, ಕೆಟ್ಟಿರಿ. ಮೊನ್ನೆ ತಿಂದಾಗ ಏಕೆ ಬರಲಿಲ್ಲ? ಮೊಸರು ತಿಂದವರೆಲ್ಲ ಕೆಮ್ಮುತ್ತಿದ್ದಾರೆಯೇ? ತಿನ್ನದವರು ಯಾರೂ ಕೆಮ್ಮಿಲ್ಲವೇ? ಇಷ್ಟಕ್ಕೆಲ್ಲ ಉತ್ತರ ಕೊಡುವುದಕ್ಕಿಂತ ಕೆಮ್ಮನ್ನು ನುಂಗಿಕೊಳ್ಳುವುದೇ ಸುಲಭವಾಗಿತ್ತು.

ಅವರು ನಮ್ಮ ಮಾವನವರ ತಮ್ಮ, ಮೈಸೂರಿನ ಕಾಲೇಜೊಂದರಲ್ಲಿ ತರ್ಕಶಾಸ್ತ್ರದ ಮೇಷ್ಟ್ರು. ಪರೀಕ್ಷೆಗೆ ಕೇಳುವಂಥ ಪ್ರಶ್ನೆಗಳನ್ನು ಊಟದ ಹೊತ್ತಿನಲ್ಲಿ ಮನೆಯವರ ಮೇಲೆ ಪ್ರಯೋಗಿಸುತ್ತಿದ್ದರು. ಹೊಸ ಸೊಸೆಯಾದ ನಾನು, ಇವರೆಲ್ಲ ನನ್ನನ್ನು ಒಪ್ಪುತ್ತಾರೋ ಇಲ್ಲವೋ ಎಂಬ ಭಯದಲ್ಲೇ ಬಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆ.

"ದಿನಾ ಚಾಮುಂಡಿ ಬೆಟ್ಟ ಹತ್ತೋರ ಮಂಡಿ ಗಟ್ಟಿಯಾಗಿರೋದು ಕಂಡುಬಂತು. ಇದರಿಂದ ಏನು ತಿಳಿಯುತ್ತೆ?"

"ನೀವೂ ಹತ್ತಬೇಕು ಅಂತ ತಿಳಿಯುತ್ತೆ" ಎಂದರು ನಮ್ಮತ್ತೆ.

"ತಪ್ಪು. ಮಂಡಿ ಗಟ್ಟಿ ಇರೋರು ತಾನೇ ಅತ್ತಿಗೆ, ಹತ್ತೋಕೆ ಹೋಗೋದು?"

ಈ ತರ್ಕದ ಬಲದಿಂದ ಅವರು ಬೆಟ್ಟವನ್ನು ಕೊನೆಯವರೆಗೂ ಕೆಳಗಿನಿಂದಲೇ ನೋಡಿದರು! ಬೀದಿಯ ಡಾಕ್ಟರು ಒಮ್ಮೆ, ತಮ್ಮ ಟಾನಿಕ್ಕಿನಿಂದ ಗುಣವಾದವರು ಬಂದು ಕೈಮುಗಿಯುತ್ತಾರೆ ಎಂದು ಕೊಚ್ಚಿಕೊಂಡರಂತೆ. ಗುಣವಾಗದವರು ಬರುವ ಸ್ಥಿತಿಯಲ್ಲಿರುತ್ತಾರೆಯೇ ಎಂದು ಇವರು ಕೇಳಿದರಂತೆ. ಅಂದಿನಿಂದ ಡಾಕ್ಟರ ಸೈಕಲ್ಲು ಹಿಂದಿನ ಬೀದಿಯಲ್ಲಿ ಸುತ್ತಿಕೊಂಡು ಹೋಗತೊಡಗಿತು.

ಇದು ಐವತ್ತರ ದಶಕದ ಮಾತು. ನಾನು ಕಡಕೊಳದಿಂದ ಬಂದು ತಿಂಗಳಾಗಿತ್ತೋ ಇಲ್ಲವೋ, ಮಾವನವರು ಟೈಫಾಯಿಡ್ಡಿನಿಂದ ಹಾಸಿಗೆ ಹಿಡಿದರು. ನೋಡಲು ಬಂದ ಅತ್ತೆಯ ಅಕ್ಕ, ನನಗೆ ಕೇಳಿಸುವಷ್ಟು ಮೆಲ್ಲಗೆ ಹೇಳಿದರು: "ಇವಳ ಕಾಲ್ಗುಣ ಕಣೆ. ತವರಿಗೆ ಕಳಿಸ್ಬುಡು, ಆಮೇಲೆ ನೋಡ್ಕೊಂಡ್ರಾಯ್ತು."

ಅತ್ತೆ ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಹಾಗೆ ಹೋದವಳನ್ನು ಮತ್ತೆ ಕರೆಸಿಕೊಳ್ಳುತ್ತಾರೆಂಬ ಖಾತರಿ ಏನು? ನಮ್ಮ ಯಜಮಾನರೋ, ಊಟಕ್ಕಲ್ಲದೆ ಬಾಯಿ ತೆರೆಯುವವರಲ್ಲ.

ಮಾರನೆಯ ಬೆಳಿಗ್ಗೆ ಚಿಕ್ಕಮಾವನವರು ಕೊಡೆ ಹಿಡಿದು ಬೀದಿಯ ಮನೆಮನೆಗೂ ಹೊರಟರು. ನಿಮ್ಮಲ್ಲಿ ಯಾರಿಗಾದರೂ ಜ್ವರ ಉಂಟೇ? ಹೊಸದಾಗಿ ಸೊಸೆ ಬಂದಿದ್ದಾಳೆಯೇ? ಮದುವೆಗೆ ಬಂದ ಗಂಡಿದ್ದ ಮನೆಯವರು ಸುಮ್ಮನಿರುತ್ತಾರೆಯೇ! ಮೇಷ್ಟ್ರು ಸಂಬಂಧ ತಂದಿದ್ದಾರೆಂದು ಕೂರಿಸಿ ಕಾಫಿ ಕೊಟ್ಟರು. ಅವರು ಮಧ್ಯಾಹ್ನ ಮನೆಗೆ ಬಂದಾಗ ಜೇಬಿನ ತುಂಬ ಜಾತಕಗಳಿದ್ದವು.

ಅಂದು ಊಟಕ್ಕೆ ಕೂತಾಗ ಪ್ರಶ್ನೆ ಹೊರಬಿತ್ತು.

"ಈ ಬೀದೀಲಿ ಜ್ವರ ಬಂದಿರೋ ಬೇರೆ ಯಾವ ಮನೇಲೂ ಹೊಸ ಸೊಸೆ ಇಲ್ಲ. ಹೊಸ ಸೊಸೆ ಬಂದಿರೋ ಮೂಲೆಮನೇಲಿ ಮಾವ ದಿನಾ ಗರಡಿಗೆ ಹೋಗ್ತಿದಾರೆ. ಏನು ತಿಳಿಯುತ್ತೆ?"

ಅತ್ತೆಯ ಅಕ್ಕ ಎಲೆಯಲ್ಲಿನ ಉಪ್ಪಿನಕಾಯಿಯನ್ನೇ ನೋಡುತ್ತಾ ಕೂತರು. ಕೊನೆಗೆ ಅತ್ತೆಯೇ, ನಾನು ಹೋಗುವುದು ಬೇಡ, ಹೋದರೆ ರೋಗಿಗೆ ಗಂಜಿ ಕಾಯಿಸುವವರು ಯಾರು ಎಂದರು. ಕೇಳಿದ ಪ್ರಶ್ನೆ ಒಂದು, ಬಂದ ಉತ್ತರ ಇನ್ನೊಂದು! ಅಂತೂ ನಾನು ಉಳಿದುಕೊಂಡೆ. ಆದರೆ ಅತ್ತೆ ನನ್ನ ಮುಖ ನೋಡಿ ಮಾತಾಡುತ್ತಿರಲಿಲ್ಲ. ಮಾವನವರಿಗೆ ಹೆಚ್ಚುಕಡಿಮೆಯಾದರೆ ಈ ತರ್ಕವೆಲ್ಲ ಯಾರಿಗೆ ಬೇಕು? ಗಂಜಿ ಕಾಯಿಸುತ್ತಾ ಇದ್ದಬದ್ದ ದೇವರಿಗೆಲ್ಲ ಮೊರೆಯಿಟ್ಟೆ.

ಜ್ವರ ನಿಧಾನವಾಗಿ ಇಳಿಯಿತು. ಸೊರಗಿದ್ದ ಮಾವನವರು ಗೋಡೆಗೊರಗಿ ಎಲ್ಲರ ಜೊತೆ ಮೊದಲ ಸಲ ಊಟಕ್ಕೆ ಕೂತ ದಿನ, ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದರು.

"ನಮ್ಮ ಸೊಸೆ ಕಾಲ್ಗುಣ ದೊಡ್ಡದು ಕಣ್ರೀ. ಅದಕ್ಕೇ ನೀವು ಉಳ್ಕೊಂಡ್ರಿ."

ಚಿಕ್ಕಮಾವನವರ ತುತ್ತು ಅರ್ಧದಲ್ಲೇ ನಿಂತಿತು. ಬೀದಿಯ ಉಳಿದ ರೋಗಿಗಳೂ ಸೊಸೆಯ ಹಂಗಿಲ್ಲದೆ ಎದ್ದು ಓಡಾಡುತ್ತಿದ್ದುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರು ಬಾಯಿ ತೆರೆದರು. ಹುಳಿಯ ಪಾತ್ರೆ ಹಿಡಿದು ನಿಂತಿದ್ದ ನನ್ನ ಕಡೆ ಒಮ್ಮೆ ನೋಡಿದರು.

"ಹೌದು ಅತ್ತಿಗೆ" ಎಂದರು. "ಅದೇ ಕಾರಣ."

ನಾನು ಪಾತ್ರೆಯನ್ನು ಅಲ್ಲೇ ಇಟ್ಟು ಅಡುಗೆಮನೆಗೆ ಓಡಿದೆ. ಆ ಮನೆಗೆ ಬಂದಮೇಲೆ ಸಂತೋಷಕ್ಕೆ ಅತ್ತದ್ದು ಅದೇ ಮೊದಲು.