ಗಾಜಿನೊಳಗಿನ ಅತ್ತೆ

“ಅಮ್ಮಾ, ಅಜ್ಜಿಯನ್ನು ಯಾಕೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟದ್ದು? ಮಾರಲಿಕ್ಕೆ ಉಂಟಾ?”

ನಾಲ್ಕು ವರ್ಷದ ಧೃತಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕಡಿಯಾಳಿಯ ಮನೆಯ ಶೆಡ್ಡಿನಲ್ಲಿ ನಿಂತ ಕೆಂಪು ಸ್ಪೋರ್ಟ್ಸ್ ಕಾರಿನೊಳಗೆ ಅವಳ ಅಜ್ಜಿ ಸುಭಾಷಿಣಿ ಬೇಕರಿಯ ಕಪಾಟಿನ ಕೇಕಿನ ಹಾಗೆ ಕುಳಿತಿದ್ದರು. ಹೊರಗೆ ಅಜ್ಜ ಯಜ್ಞನಾರಾಯಣರು ಸೊಂಟಕ್ಕೆ ಕೈ ಕೊಟ್ಟು, ಕೊಳ್ಳಲೋ ಬೇಡವೋ ಎಂಬ ಗಿರಾಕಿಯಂತೆ ನೋಡುತ್ತಿದ್ದರು. ಸೊಸೆ ಶ್ರೀವಾಣಿಗೆ ಮಗುವಿಗೆ ಉತ್ತರ ಕೊಡಬೇಕೋ, ಅತ್ತೆಯನ್ನು ಬಿಡಿಸಬೇಕೋ, ನಗು ತಡೆಯಬೇಕೋ ತಿಳಿಯಲಿಲ್ಲ.

ಅತ್ತೆ ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ವರ್ಕ್‌ಶಾಪ್ ಕಲಿಸಿದವರು. ನಿವೃತ್ತಿಯಾದ ಮರುವಾರವೇ ಮಣಿಪಾಲದ ಡಾಕ್ಟರೊಬ್ಬರ ಹಿತ್ತಲಿನಿಂದ ಈ ಎರಡು ಸೀಟಿನ ವಿಲಾಯತಿ ಕಾರನ್ನು ಟೆಂಪೋದಲ್ಲಿ ಹೇರಿಕೊಂಡು ಬಂದಿದ್ದರು. ಆಗ ಅದರಲ್ಲಿ ಐದು ಕೋಳಿಗಳು ಸಂಸಾರ ಹೂಡಿದ್ದವು. ಸಂಸ್ಕೃತ ಪಂಡಿತರಾದ ಮಾವ ಅಂದೇ ಘೋಷಿಸಿದ್ದರು:

“ಕೋಳಿ ಕಾವಿಗೆ ಕೂತ ಸೀಟಿನಲ್ಲಿ ನಾನು ಕೂರುವುದಾ? ಈ ಜನ್ಮಕ್ಕಿಲ್ಲ.”

“ಸೀಟು ಹೊಸತು ಹಾಕಿಸಿದೆನಲ್ಲ.”

“ಕಾರು ಅದೇ ಅಲ್ವಾ?”

ನಾಲ್ಕು ವರ್ಷದಲ್ಲಿ ಅತ್ತೆ ಆ ಕಾರಿನ ಎಂಜಿನ್ ಬಿಚ್ಚಿ ಕೂಡಿಸಿದರು, ತುಕ್ಕು ಕೆರೆದರು, ಬಣ್ಣ ಹೊಡೆಸಿದರು. ಶ್ರೀವಾಣಿ ತನ್ನ ಗೆಳತಿಯರಿಗೆಲ್ಲ ಅದರ ಫೋಟೋ ಕಳಿಸಿ ‘ನಮ್ಮ ಅತ್ತೆ ಮಾಡಿದ್ದು’ ಎಂದು ಬರೆಯುತ್ತಿದ್ದಳು. ಆದರೆ ಅತ್ತೆ ಒಮ್ಮೆ ಮಟ್ಟುಗುಳ್ಳ ಬದನೆ ಹೆಚ್ಚುತ್ತಾ ಮೆಲ್ಲಗೆ ಹೇಳಿದ್ದರು: “ಇರುವುದೇ ಎರಡು ಸೀಟು. ಒಂದು ಖಾಲಿ ಹೋದರೆ ಅರ್ಧ ಕಾರು ಖಾಲಿ ಹೋದ ಹಾಗೆ.”

ಕೊನೆಗೆ ಉಳಿದದ್ದು ಮುಂದಿನ ಗಾಜು. ಅದು ಸಮುದ್ರ ದಾಟಿ ಮರದ ಪೆಟ್ಟಿಗೆಯಲ್ಲಿ ಬಂದಿಳಿಯಿತು. ಕಾಪುವಿನಲ್ಲಿ ಗ್ಯಾರೇಜ್ ಇಟ್ಟಿರುವ ಹಳೆಯ ಶಿಷ್ಯ ಡೆನ್ವರ್ ಫೋನ್ ಮಾಡಿದ.

“ಟೀಚರ್, ನಾನು ಬಂದು ಹಾಕಿ ಕೊಡ್ತೇನೆ. ಇರುವುದು ಒಂದೇ ಗಾಜು. ಒಡೆದರೆ ಬೇರೆ ಸಿಗುವುದಿಲ್ಲ.”

“ನಿನಗೆ ಗಾಜು ಹಾಕಲಿಕ್ಕೆ ಕಲಿಸಿದ್ದು ಯಾರು?”

“ನೀವೇ ಟೀಚರ್.”

“ಮತ್ತೆ?”

ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಮಾವ ನಕ್ಕರು. “ಆ ಗಾಜು ನಿನ್ನ ಕೈಯಲ್ಲಿ ಒಡೆಯದೆ ಕೂತರೆ ನಾನೂ ಕೂರುತ್ತೇನೆ, ಹೋಗು.”

ಅತ್ತೆಯ ಕೈಯ ಲೋಟ ಅರ್ಧದಲ್ಲೇ ನಿಂತಿತು. “ಶ್ರೀವಾಣಿ, ಕೇಳಿದೆಯಲ್ಲ? ನೀನು ಸಾಕ್ಷಿ.”

ಭಾನುವಾರ ಬೆಳಿಗ್ಗೆ ಮಹಾಕಾರ್ಯ ಆರಂಭವಾಯಿತು. ವಿಧಾನ ಸರಳ. ಗಾಜಿನ ಸುತ್ತ ರಬ್ಬರ್ ಪಟ್ಟಿ, ಪಟ್ಟಿಯ ಗೀರಿನಲ್ಲಿ ಒಂದು ಹುರಿ. ಹೊರಗಿನವರು ಗಾಜನ್ನು ಒತ್ತಬೇಕು, ಒಳಗಿನವರು ಹುರಿ ಎಳೆಯಬೇಕು. ಎಳೆದಂತೆಲ್ಲ ರಬ್ಬರಿನ ತುಟಿ ಕಬ್ಬಿಣದ ಅಂಚಿನ ಮೇಲೆ ಹತ್ತಿ ಕೂರುತ್ತದೆ. ಜಾರಲಿಕ್ಕೆ ಸೋಪಿನ ನೀರು ಸಾಕು. ಆದರೆ ಸೋಪು ಒಣಗಿದರೆ ಬಿಳಿ ಕಲೆ ಬೀಳುತ್ತದೆಂದು ಅತ್ತೆ ಸ್ವಂತ ಸಂಶೋಧನೆ ಮಾಡಿದ್ದರು: ಗೊಂಪು. ತಲೆಸ್ನಾನಕ್ಕೆ ದಾಸವಾಳದ ಸೊಪ್ಪು ಕಿವುಚಿ ತೆಗೆಯುತ್ತೇವಲ್ಲ, ಆ ಲೋಳೆ. ಶ್ರೀವಾಣಿ ಒಂದು ಚರಿಗೆ ಸಾಲದೆಂದು ಒಂದು ಬಾಲ್ದಿ ತುಂಬ ಮಾಡಿಟ್ಟಳು.

ಅತ್ತೆ ಒಳಗೆ ಕುಳಿತರು. “ಬಾಗಿಲು ಎರಡೂ ಸರಿಯಾಗಿ ಮುಚ್ಚಿ. ತೆರೆದಿದ್ದರೆ ಚೌಕಟ್ಟು ಓರೆಯಾಗ್ತದೆ.”

ಅಷ್ಟು ದಿನ ಬಾಗಿಲುಗಳನ್ನು ಪೂರ್ತಿ ಮುಚ್ಚದ ಹಾಗೆ ಹಗ್ಗ ಕಟ್ಟಿ ಇಡುತ್ತಿದ್ದರು. ಮಾವ ಹಗ್ಗ ಬಿಚ್ಚಿ ಮುಚ್ಚಿದರು. ಠಪ್. ಠಪ್.

“ಒತ್ತಿ.”

“ಒತ್ತುತ್ತಿದ್ದೇನೆ ಮಾರಾಯ್ತಿ. ಜಾರುತ್ತದೆ.”

“ಜಾರಲಿಕ್ಕೇ ಹಚ್ಚಿದ್ದು.”

“ಗಾಜಲ್ಲ, ನಾನು ಜಾರುತ್ತಿದ್ದೇನೆ.”

ಹೇಳಿ ಮುಗಿಸುವಷ್ಟರಲ್ಲಿ ಮಾವ ಪಂಚೆ ಸಮೇತ ಬಾನೆಟ್ಟಿನ ಮೇಲಿಂದ ದೇವರ ಮುಂದೆ ಸಾಷ್ಟಾಂಗ ಹಾಕಿದವರಂತೆ ಇಳಿದು ಹೋದರು. ಗಾಜಿನ ಒಂದು ಮೂಲೆ ಎದ್ದಿತು. ಶ್ರೀವಾಣಿ ಒಂದೇ ನೆಗೆತಕ್ಕೆ ಎರಡು ಅಂಗೈ, ಒಂದು ಕೆನ್ನೆ ಕೊಟ್ಟು ಒತ್ತಿ ಹಿಡಿದಳು. ಗಾಜಿನ ಆಚೆ, ಒಂದು ಗೇಣು ದೂರದಲ್ಲಿ, ಅತ್ತೆ ಹಲ್ಲು ಕಚ್ಚಿ ಹುರಿ ಎಳೆಯುತ್ತಿದ್ದರು. ಜರ್ರ್… ಜರ್ರ್… ಟಕ್. ಹುರಿಯ ತುದಿ ಕೈಗೆ ಬಂತು. ಗಾಜು ಹುಟ್ಟಿದಾಗಿನಿಂದ ಅಲ್ಲೇ ಇತ್ತೇನೋ ಎಂಬಂತೆ ಕುಳಿತಿತ್ತು.

“ಕೂತಿತಾ?” ನೆಲದಿಂದ ಮಾವನ ಧ್ವನಿ ಬಂತು.

“ಕೂತಿತು ಮಾವ. ಒಂದು ಗೀರಿಲ್ಲ.” ಶ್ರೀವಾಣಿಗೆ ತಾನೇ ಹೆತ್ತಷ್ಟು ಹೆಮ್ಮೆ.

ಅತ್ತೆ ಗಂಭೀರವಾಗಿ ಸೆರಗು ಸರಿಮಾಡಿ, ಇಳಿಯಲೆಂದು ಬಾಗಿಲಿಗೆ ಕೈ ಹಾಕಿದರು. ಅಲ್ಲಿ ಬರೀ ತೂತು ಇತ್ತು. ಬಾಗಿಲ ಹಿಡಿಕೆಗಳೆಲ್ಲ, ಒಳಗಿನವೂ ಹೊರಗಿನವೂ, ಹೊಳಪು ಕೊಡಲೆಂದು ಹೋದ ವಾರ ಕಾಪುವಿಗೆ ಹೋಗಿದ್ದವು. ಕಿಟಕಿ ಗಾಜು ಇಳಿಸುವ ಹಿಡಿಕೆಯೂ ಜೊತೆಗೇ ಹೋಗಿತ್ತು. ಗಾಳಿ ಆಡಲು ಎರಡು ಬೆರಳು ಸಂದು ಉಳಿದದ್ದೇ ಪುಣ್ಯ.

ಧೃತಿ ಪ್ರಶ್ನೆ ಕೇಳಿದ್ದು ಆಗ.

“ಗಾಜು ತೆಗೆಯುವ,” ಎಂದರು ಮಾವ, ಗೊಂಪು ಒರೆಸಿಕೊಳ್ಳುತ್ತಾ.

“ಗಾಜಿಗೆ ಕೈ ಹಾಕಿದರೆ ನೋಡಿ. ನಾನು ಇಲ್ಲೇ ಇರ್ತೇನೆ, ಊಟ ಇಲ್ಲಿಗೇ ಕಳಿಸಿ.”

ಶ್ರೀವಾಣಿ ಡೆನ್ವರ್‌ಗೆ ಫೋನ್ ಹಚ್ಚಿ ಸಂದಿನ ಬಳಿ ಹಿಡಿದಳು.

“ಹಿಡಿಕೆ ಎಲ್ಲ ಇಲ್ಲೇ ಉಂಟು ಟೀಚರ್, ಕನ್ನಡಿಯ ಹಾಗೆ ಹೊಳೀತದೆ,” ಎಂದ ಅವನು. ಆಮೇಲೆ ವಿಷಯ ತಿಳಿದು ಕೆಮ್ಮಿದ. “ಯಾವುದನ್ನೂ ಮುಚ್ಚುವ ಮೊದಲು ತೆರೆಯುವುದು ಹೇಗೆಂದು ನೋಡಬೇಕು ಅಂತ ನೀವೇ ಕಲಿಸಿದ್ದಲ್ವಾ ಟೀಚರ್?”

“ಕಲಿಸಿದ್ದು ಸರಿ. ಈಗ ತೆರೆಯುವುದು ಹೇಗೆ ಹೇಳು,” ಎಂದರು ಟೀಚರ್.

“ಹೊರಗಿನ ತೂತಿನಲ್ಲಿ ಸಪೂರದ್ದು ಏನಾದರೂ ತೂರಿಸಿ ಮೇಲೆ ಎತ್ತಿ. ಚಿಲಕ ಬಿಡ್ತದೆ,” ಎಂದ ಡೆನ್ವರ್.

ಶ್ರೀವಾಣಿ ಅಡುಗೆಮನೆಗೆ ಓಡಿ ದೋಸೆ ಎಬ್ಬಿಸುವ ಸಟ್ಟುಗ ತಂದಳು. ಡ್ರೈವರ್ ಬದಿಯ ಬಾಗಿಲು ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಎಡಬದಿಯ ತೂತಿಗೆ ಸಟ್ಟುಗದ ಹಿಡಿ ತೂರಿಸಿ ಎತ್ತಿದ್ದೇ ತಡ, ಟಕ್ಕೆಂದು ತೆರೆಯಿತು.

“ಇಳಿಯಿರಿ ಅತ್ತೆ.”

ಅತ್ತೆ ಇಳಿಯಲಿಲ್ಲ. ಸ್ಟೇರಿಂಗ್ ಹಿಡಿದು ನೆಟ್ಟಗೆ ಕುಳಿತು, ಪಕ್ಕದ ಖಾಲಿ ಸೀಟನ್ನು ಸೆರಗಿನಿಂದ ಒಮ್ಮೆ ಒರೆಸಿದರು.

ಮಾವ ಗಾಜನ್ನು ನೋಡಿದರು, ಸೀಟನ್ನು ನೋಡಿದರು, ಆಚೀಚೆ ಯಾರಾದರೂ ಕಾಣುತ್ತಾರೋ ಎಂದು ನೋಡಿದರು. “ಮಾತೆಂದರೆ ಮಾತು,” ಎಂದು ಗೊಣಗಿ, ಪಂಚೆ ಎತ್ತಿ, ಊಟದ ಮಣೆಯ ಮೇಲೆ ಕೂರುವವರಂತೆ ಬಗ್ಗಿ ಕುಳಿತೇ ಬಿಟ್ಟರು. ಕಾರು ಹತ್ತಿದ ಮೇಲೆ ಎಲ್ಲರೂ ಮಾಡುವ ಕೆಲಸವನ್ನು ಅಭ್ಯಾಸಬಲದಿಂದ ಅವರೂ ಮಾಡಿದರು.

ಠಪ್.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಶ್ರೀವಾಣಿ ಸಟ್ಟುಗ ಎತ್ತಿದಳು.

ಆಗ ಡ್ರೈವರ್ ಬದಿಯ ಎರಡು ಬೆರಳಿನ ಸಂದಿನಿಂದ ಅತ್ತೆ ಅವಳನ್ನು ಹತ್ತಿರ ಕರೆದರು. ಧ್ವನಿ ತೀರ ಮೆಲ್ಲಗಿತ್ತು.

“ಮಗಾ, ನನಗೊಂದು ಉಪಕಾರ ಮಾಡ್ತೀಯಾ? ಮಗುವಿಗೆ ಹಸಿವಾಗಿರಬೇಕು. ನಿಧಾನಕ್ಕೆ ಹೋಗಿ ನಾಲ್ಕು ದೋಸೆ ಹಾಕಿ ಕೊಡು. ಸಟ್ಟುಗ ಇಲ್ಲಿ ಇಡಬೇಡ, ತೆಗೆದುಕೊಂಡೇ ಹೋಗು.”